ಸ್ತನ ಉಳಿಸುವುದೋ, ತೆಗೆಸುವುದೋ: ಉತ್ತರ ಹೇಳಬೇಕಾದವರು ಯಾರು?

ಸ್ತನ ಕ್ಯಾನ್ಸರ್ ಎಂದು ಹೇಳುವ ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ದಿನಕ್ಕೂ ಶಸ್ತ್ರಚಿಕಿತ್ಸೆಯ ದಿನಕ್ಕೂ ನಡುವೆ ಸಾಮಾನ್ಯವಾಗಿ ಎರಡು ಮೂರು ವಾರ ಸಿಗುತ್ತದೆ. ಹೆಣ್ಣೊಬ್ಬಳು ಮುಂದಿನ ಇಪ್ಪತ್ತು ಮೂವತ್ತು ವರ್ಷ ಎಂಥ ದೇಹದೊಂದಿಗೆ ಬಾಳಬೇಕು ಎಂಬುದನ್ನು ಯೋಚಿಸಲು ಇರುವ ಕಾಲ ಅದು. ಆದರೆ ನಮ್ಮ ಬಹುಪಾಲು ಮನೆಗಳಲ್ಲಿ ಆ ತೀರ್ಮಾನ ವೈದ್ಯರ ಕೊಠಡಿಯೊಳಗೆ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಗಂಡನೋ ಅಣ್ಣನೋ ಮಗನೋ ಮುಂದೆ ಬಾಗಿ, "ಪೂರ್ತಿ ತೆಗೆದುಬಿಡಿ ಡಾಕ್ಟ್ರೇ, ಬೇರು ಸಮೇತ ಹೋಗಲಿ" ಎನ್ನುತ್ತಾರೆ. ಆ ಮಾತಿನ ಹಿಂದೆ ಇರುವುದು ಪ್ರೀತಿ ಮತ್ತು ಭಯ, ಅದರಲ್ಲಿ ಸಂದೇಹವಿಲ್ಲ. ಆದರೆ ವೈದ್ಯಕೀಯ ಜ್ಞಾನ ಆ ಮಾತಿನಿಂದ ಬಹಳ ದೂರ ಬಂದು ಐವತ್ತು ವರ್ಷವಾಗುತ್ತಾ ಬಂದಿದೆ.

ತಿಪಟೂರಿನ ಹತ್ತಿರದ ಊರಿನಿಂದ ನನ್ನ ಚಿಕ್ಕಮ್ಮ ಚಿಕಿತ್ಸೆಗೆಂದು ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಉಳಿದಾಗ ಈ ದೂರವನ್ನು ಹತ್ತಿರದಿಂದ ನೋಡಿದೆ. ಅವರಿಗೆ 58 ವರ್ಷ. ಎಡ ಸ್ತನದಲ್ಲಿ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡ ಗಂಟು, ಒಂದೇ ಒಂದು. ಕಂಕುಳಿನ ಸ್ಕ್ಯಾನ್‌ನಲ್ಲಿ ಏನೂ ಕಂಡಿರಲಿಲ್ಲ. ಎರಡು ಬಗೆಯ ಶಸ್ತ್ರಚಿಕಿತ್ಸೆಗೂ ಅವರು ಅರ್ಹರು ಎಂದು ವೈದ್ಯರು ವಿವರಿಸಿದರು, ಆದರೆ ವಿವರಿಸಿದ್ದು ಚಿಕ್ಕಪ್ಪನಿಗೆ. ಚಿಕ್ಕಮ್ಮ ಪಕ್ಕದ ಕುರ್ಚಿಯಲ್ಲಿ ಸೆರಗು ಹೊದ್ದು ಕುಳಿತಿದ್ದರು. ಚಿಕ್ಕಪ್ಪ ಹೇಳಿದ್ದು ಮೇಲಿನ ಅದೇ ಮಾತನ್ನು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು.

ಈ ಲೇಖನಕ್ಕೆ ಕಾರಣವಾದದ್ದು ಆ ಒಂದು ಕುಟುಂಬದ ಕಥೆಯಾದರೂ ವಿಷಯ ಬಹಳ ದೊಡ್ಡದು. ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್ ಇದು. 2022ರ ಜಾಗತಿಕ ಅಂದಾಜಿನ ಪ್ರಕಾರ ದೇಶದಲ್ಲಿ ಆ ಒಂದೇ ವರ್ಷ ಸುಮಾರು 1.92 ಲಕ್ಷ ಹೊಸ ರೋಗಿಗಳು ಪತ್ತೆಯಾದರು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ 1980ರ ದಶಕದ ಆರಂಭದಿಂದ ನಗರದ ಕ್ಯಾನ್ಸರ್ ನೋಂದಣಿಯನ್ನು ಇಟ್ಟುಕೊಂಡು ಬಂದಿದೆ. ಒಂದು ಕಾಲಕ್ಕೆ ಆ ಪಟ್ಟಿಯಲ್ಲಿ ಹೆಂಗಸರ ಮಟ್ಟಿಗೆ ಗರ್ಭಕೊರಳಿನ ಕ್ಯಾನ್ಸರ್ ಮೊದಲಿತ್ತು, ಈಗ ಸ್ತನ ಕ್ಯಾನ್ಸರ್ ಅದನ್ನು ದಾಟಿ ಮುಂದೆ ಹೋಗಿದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ರೋಗಿಗಳ ಸರಾಸರಿ ವಯಸ್ಸು ಸುಮಾರು ಹತ್ತು ವರ್ಷ ಕಡಿಮೆ. ಹಾಗಾಗಿ ಇಲ್ಲಿ ಶಸ್ತ್ರಚಿಕಿತ್ಸೆಯ ಪರಿಣಾಮದೊಂದಿಗೆ ಬದುಕಬೇಕಾದ ವರ್ಷಗಳೂ ಹೆಚ್ಚು.

ಮೊದಲು ಎರಡು ಆಯ್ಕೆಗಳೇನು ಎಂಬುದನ್ನು ಬಿಡಿಸಿ ಹೇಳಬೇಕು. ಲಂಪೆಕ್ಟಮಿ ಎಂದರೆ ಗಂಟನ್ನು ಅದರ ಸುತ್ತಲಿನ ಒಂದಿಷ್ಟು ಆರೋಗ್ಯವಂತ ಭಾಗದೊಂದಿಗೆ ತೆಗೆದು ಉಳಿದ ಸ್ತನವನ್ನು ಹಾಗೆಯೇ ಬಿಡುವುದು. ಮ್ಯಾಸ್ಟೆಕ್ಟಮಿ ಎಂದರೆ ಇಡೀ ಸ್ತನವನ್ನು ತೆಗೆಯುವುದು. ಎರಡರಲ್ಲೂ ಕಂಕುಳಿನ ದುಗ್ಧರಸ ಗ್ರಂಥಿಗಳ (ಲಿಂಫ್ ನೋಡ್) ಪರೀಕ್ಷೆ ಸಾಮಾನ್ಯವಾಗಿ ಜೊತೆಗೇ ನಡೆಯುತ್ತದೆ. ಲಂಪೆಕ್ಟಮಿಯ ನಂತರ ಉಳಿದ ಸ್ತನಕ್ಕೆ ರೇಡಿಯೇಷನ್ ಕೊಡುವುದು ಆ ಚಿಕಿತ್ಸೆಯ ಅರ್ಧ ಭಾಗವೇ ಆಗಿದೆ, ಇದನ್ನು ಮುಂದೆ ವಿವರವಾಗಿ ನೋಡೋಣ. ಕಿಮೋ, ಹಾರ್ಮೋನ್ ಮಾತ್ರೆ ಮೊದಲಾದ ಔಷಧ ಬೇಕೇ ಬೇಡವೇ ಎಂಬುದು ಗಡ್ಡೆಯ ಗುಣ ಮತ್ತು ಹಂತವನ್ನು ಅವಲಂಬಿಸಿರುತ್ತದೆ. ಸ್ತನ ಉಳಿಸಿದರೆ ಕಿಮೋ ಬೇಕು, ಪೂರ್ತಿ ತೆಗೆಸಿದರೆ ಕಿಮೋ ತಪ್ಪುತ್ತದೆ ಎಂಬ ಲೆಕ್ಕಾಚಾರ ಅನೇಕರ ತಲೆಯಲ್ಲಿದೆ, ಅದಕ್ಕೆ ಆಧಾರವಿಲ್ಲ.

"ಬೇರು ಸಮೇತ" ಎಂಬ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಹೊಲದಲ್ಲಿ ಕಳೆ ಕಿತ್ತವರಿಗೆ ಅದಕ್ಕಿಂತ ಸಹಜವಾದ ತರ್ಕ ಇನ್ನೊಂದಿಲ್ಲ, ಮತ್ತು ಸುಮಾರು ಎಂಬತ್ತು ವರ್ಷ ಕಾಲ ಜಗತ್ತಿನ ದೊಡ್ಡ ದೊಡ್ಡ ಶಸ್ತ್ರಚಿಕಿತ್ಸಕರೂ ಅದನ್ನೇ ನಂಬಿದ್ದರು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ವಿಧಾನದಲ್ಲಿ ಸ್ತನ, ಅದರ ಕೆಳಗಿನ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತಿದ್ದರು. ರೋಗ ಒಂದು ಜಾಗದಲ್ಲಿ ಹುಟ್ಟಿ, ನೀರು ಹರಿದಂತೆ ಪಕ್ಕದ ಜಾಗಕ್ಕೆ, ಅಲ್ಲಿಂದ ಗ್ರಂಥಿಗೆ, ಆಮೇಲೆ ದೇಹಕ್ಕೆ ಕ್ರಮವಾಗಿ ಹೋಗುತ್ತದೆ, ಹಾಗಾಗಿ ಹೆಚ್ಚು ಕತ್ತರಿಸಿದಷ್ಟೂ ಹೆಚ್ಚು ಕ್ಷೇಮ ಎಂಬುದು ಆ ಸಿದ್ಧಾಂತ. ಹೆಂಗಸರು ಪಕ್ಕೆಲುಬು ಎದ್ದು ಕಾಣುವ ಎದೆ, ಊದಿದ ತೋಳು, ಮೇಲೆತ್ತಲಾಗದ ಭುಜದೊಂದಿಗೆ ಬದುಕಿದರು. ಅಷ್ಟಾದರೂ ಅವರಲ್ಲಿ ಅನೇಕರಿಗೆ ಕೆಲವು ವರ್ಷಗಳ ನಂತರ ಮೂಳೆಯಲ್ಲೋ ಶ್ವಾಸಕೋಶದಲ್ಲೋ ರೋಗ ಕಾಣಿಸಿಕೊಳ್ಳುತ್ತಿತ್ತು.

ಬೇರನ್ನೇ ಕಿತ್ತ ಮೇಲೂ ಕಳೆ ಮತ್ತೆಲ್ಲೋ ಹುಟ್ಟುವುದಾದರೆ ಬೇರಿನ ಕಲ್ಪನೆಯೇ ತಪ್ಪಿರಬಹುದು ಎಂದು ವಾದಿಸಿದವರು ಪಿಟ್ಸ್‌ಬರ್ಗ್‌ನ ಶಸ್ತ್ರಚಿಕಿತ್ಸಕ ಬರ್ನಾರ್ಡ್ ಫಿಷರ್. ಕ್ಯಾನ್ಸರ್ ಕೋಶಗಳು ಬಹಳ ಮೊದಲೇ ರಕ್ತದ ಮೂಲಕ ಹೊರಟಿರಬಹುದು, ಹಾಗಿದ್ದರೆ ಸ್ತನದ ಮೇಲಿನ ಕತ್ತಿಯ ಅಳತೆಯನ್ನು ಹಿಗ್ಗಿಸಿ ಜೀವ ಉಳಿಸಲಾಗದು, ಆ ಕೆಲಸ ಮಾಡಬೇಕಾದದ್ದು ಔಷಧ ಎಂಬುದು ಅವರ ನಿಲುವು. ವಾದವನ್ನು ಅವರು ವಾದವಾಗಿಯೇ ಬಿಡದೆ ಪರೀಕ್ಷೆಗೆ ಒಡ್ಡಿದರು. 1976ರಲ್ಲಿ ಆರಂಭವಾದ ಬಿ-06 ಎಂಬ ಅಧ್ಯಯನದಲ್ಲಿ, ನಾಲ್ಕು ಸೆಂಟಿಮೀಟರ್‌ವರೆಗಿನ ಗಡ್ಡೆಯಿದ್ದ 1,851 ಹೆಂಗಸರನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಮೂರು ಗುಂಪು ಮಾಡಿ, ಒಂದು ಗುಂಪಿಗೆ ಮ್ಯಾಸ್ಟೆಕ್ಟಮಿ, ಇನ್ನೊಂದಕ್ಕೆ ಲಂಪೆಕ್ಟಮಿ ಮಾತ್ರ, ಮತ್ತೊಂದಕ್ಕೆ ಲಂಪೆಕ್ಟಮಿಯೊಂದಿಗೆ ರೇಡಿಯೇಷನ್ ಕೊಟ್ಟು ಇಪ್ಪತ್ತು ವರ್ಷ ಗಮನಿಸಲಾಯಿತು. ಅದಕ್ಕೂ ಮೊದಲು, 1973ರಲ್ಲಿ, ಇಟಲಿಯ ಮಿಲಾನ್‌ನಲ್ಲಿ ಉಂಬೆರ್ತೊ ವೆರೊನೇಸಿ ಅವರು 701 ಹೆಂಗಸರ ಮೇಲೆ ಇಂಥದೇ ಅಧ್ಯಯನ ಆರಂಭಿಸಿದ್ದರು. ಎರಡರ ಇಪ್ಪತ್ತು ವರ್ಷದ ಫಲಿತಾಂಶವೂ 2002ರಲ್ಲಿ ಪ್ರಕಟವಾಯಿತು. ಮಿಲಾನ್‌ನಲ್ಲಿ ಸ್ತನ ಉಳಿಸಿಕೊಂಡವರಲ್ಲಿ ತೀರಿಕೊಂಡವರು ಶೇ 41.7, ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಶೇ 41.2. ಬಿ-06ರ ಮೂರು ಗುಂಪುಗಳ ನಡುವೆಯೂ ಬದುಕುಳಿಯುವಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ.

ಈ ಅಂಕಿಗಳನ್ನು ಓದುವಾಗ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಆಗಿನ ಮರಣದ ಪ್ರಮಾಣವನ್ನು ಇಂದಿನ ಆರಂಭ ಹಂತದ ರೋಗಿಗೆ ಅನ್ವಯಿಸಬಾರದು. ಇಪ್ಪತ್ತು ವರ್ಷದಲ್ಲಿ ಬೇರೆ ಕಾರಣಗಳಿಂದ ಆದ ಸಾವೂ ಅದರಲ್ಲಿ ಸೇರಿದೆ, ಮತ್ತು ಅಂದಿನಿಂದ ಔಷಧಗಳು ಬಹಳ ಸುಧಾರಿಸಿವೆ. ಎರಡನೆಯದು, ಬದುಕುಳಿಯುವಿಕೆ ಸಮ ಎಂದ ಮಾತ್ರಕ್ಕೆ ಎಲ್ಲವೂ ಸಮ ಎಂದಲ್ಲ. ಸ್ತನ ಉಳಿದರೆ ಅದೇ ಸ್ತನದಲ್ಲಿ ರೋಗ ಮರುಕಳಿಸುವ ಸಾಧ್ಯತೆಯೂ ಉಳಿಯುತ್ತದೆ. ಮಿಲಾನ್ ಅಧ್ಯಯನದಲ್ಲಿ ಇಪ್ಪತ್ತು ವರ್ಷಗಳಲ್ಲಿ ಸ್ತನ ಉಳಿಸಿಕೊಂಡವರ ಪೈಕಿ ಶೇ 8.8ರಷ್ಟು ಮಂದಿಗೆ ಅದೇ ಜಾಗದಲ್ಲಿ ರೋಗ ಮರಳಿತು, ಇನ್ನೊಂದು ಗುಂಪಿನಲ್ಲಿ ಅದು ಶೇ 2.3. ಇಂದಿನ ಚಿಕಿತ್ಸೆಯಲ್ಲಿ ಈ ಅಂತರ ಇನ್ನೂ ಕಿರಿದಾಗಿದೆ. ಹಾಗೆ ಮರಳಿದರೂ ವರ್ಷವರ್ಷದ ಮ್ಯಾಮೋಗ್ರಾಂನಲ್ಲಿ, ಅಂದರೆ ಸ್ತನದ ಎಕ್ಸ್-ರೇಯಲ್ಲಿ, ಬೇಗ ಪತ್ತೆಯಾದರೆ ಸಾಮಾನ್ಯವಾಗಿ ಆಗ ಮ್ಯಾಸ್ಟೆಕ್ಟಮಿ ಮಾಡಿ ನಿಭಾಯಿಸಬಹುದು. ಆದರೆ ಎರಡನೆಯ ಸಲ "ಮತ್ತೆ ಬಂದಿದೆ" ಎಂಬ ಮಾತನ್ನು ಕೇಳಿಸಿಕೊಳ್ಳುವ ಸಂಕಟ ಶೇಕಡಾವಾರಿನಲ್ಲಿ ಹಿಡಿಯುವಂಥದಲ್ಲ. ಅದನ್ನು ಎದುರಿಸುವ ಮನಸ್ಸು ತನಗಿದೆಯೇ ಎಂದು ಅಳೆದುಕೊಳ್ಳುವ ಹಕ್ಕು ಆ ಹೆಣ್ಣಿನದು.

ಇತ್ತೀಚಿನ ವರ್ಷಗಳಲ್ಲಿ ಸ್ತನ ಉಳಿಸಿಕೊಂಡವರೇ ಹೆಚ್ಚು ಕಾಲ ಬದುಕುತ್ತಾರೆ ಎಂಬ ಸುದ್ದಿಯೂ ಹರಿದಾಡುತ್ತಿದೆ. ಸುಮಾರು 49 ಸಾವಿರ ಹೆಂಗಸರ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ ಅದರ ಮೂಲಗಳಲ್ಲಿ ಒಂದು. ಅದು ದಾಖಲೆಗಳ ಹೋಲಿಕೆಯೇ ಹೊರತು ಯಾದೃಚ್ಛಿಕ ಪರೀಕ್ಷೆ ಅಲ್ಲ. ಆರೋಗ್ಯ ಚೆನ್ನಾಗಿರುವವರು, ಗಡ್ಡೆ ಚಿಕ್ಕದಿರುವವರು ಲಂಪೆಕ್ಟಮಿ ಕಡೆಗೆ ಹೋಗುವುದು ಸಹಜವಾದ್ದರಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಅದರಿಂದ ಬಿಡಿಸಲಾಗದು. ಲಂಪೆಕ್ಟಮಿ ಮತ್ತು ರೇಡಿಯೇಷನ್ ಆರಿಸಿಕೊಂಡವಳು ಜೀವವನ್ನು ಪಣಕ್ಕಿಟ್ಟು ಸೌಂದರ್ಯ ಉಳಿಸಿಕೊಂಡಳು ಎಂಬ ಆರೋಪಕ್ಕೆ ಆಧಾರವಿಲ್ಲ ಎಂದಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ನಮ್ಮ ಕಡೆ ರೇಡಿಯೇಷನ್‌ಗೆ "ಕರೆಂಟ್ ಕೊಡಿಸುವುದು" ಎನ್ನುತ್ತಾರೆ. ಆ ಹೆಸರಿನಲ್ಲೇ ಭಯವಿದೆ. ನಿಜದಲ್ಲಿ ಸ್ತನ ಉಳಿಸುವ ಚಿಕಿತ್ಸೆ ನಿಂತಿರುವುದು ಅದರ ಮೇಲೆಯೇ. ಬಿ-06ರಲ್ಲಿ ರೇಡಿಯೇಷನ್ ಪಡೆಯದೆ ಲಂಪೆಕ್ಟಮಿಯಷ್ಟೇ ಆದವರಲ್ಲಿ ಇಪ್ಪತ್ತು ವರ್ಷಗಳಲ್ಲಿ ಶೇ 39.2ರಷ್ಟು ಮಂದಿಗೆ ಅದೇ ಸ್ತನದಲ್ಲಿ ರೋಗ ಮರಳಿತು, ಪಡೆದವರಲ್ಲಿ ಅದು ಶೇ 14.3ಕ್ಕೆ ಇಳಿಯಿತು. 17 ಅಧ್ಯಯನಗಳ 10,801 ಹೆಂಗಸರ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೇಡಿಯೇಷನ್‌ನಿಂದ ಹದಿನೈದು ವರ್ಷಗಳಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವು ಶೇ 25.2ರಿಂದ ಶೇ 21.4ಕ್ಕೆ ಇಳಿಯುತ್ತದೆ ಎಂದು ತೋರಿಸಿತು. ಫಿಷರ್ ಅವರ ಸಿದ್ಧಾಂತಕ್ಕೂ ಒಂದು ಮಿತಿಯಿದೆ, ಸ್ಥಳೀಯವಾಗಿ ರೋಗವನ್ನು ಹತ್ತಿಕ್ಕುವುದಕ್ಕೂ ಬದುಕುಳಿಯುವುದಕ್ಕೂ ಸ್ವಲ್ಪವಾದರೂ ಸಂಬಂಧವಿದೆ ಎಂಬುದು ಇದರಿಂದ ತಿಳಿಯಿತು. ಲಂಪೆಕ್ಟಮಿ ಮಾಡಿಸಿಕೊಂಡು, ಗಾಯ ಒಣಗಿದ ಮೇಲೆ "ಗಂಟು ಹೋಯಿತಲ್ಲ, ಕರೆಂಟ್ ಯಾಕೆ" ಎಂದು ಊರಿಗೆ ಹೋಗಿ ವಾಪಸು ಬಾರದಿರುವುದೇ ಇರುವ ದಾರಿಗಳಲ್ಲೆಲ್ಲ ಅಪಾಯದ್ದು. ರೇಡಿಯೇಷನ್ ಮುಗಿಸುವ ಭರವಸೆ ಇಲ್ಲದಿದ್ದರೆ ಲಂಪೆಕ್ಟಮಿಯನ್ನು ಆರಿಸಿಕೊಳ್ಳಬಾರದು ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ದೂರದ ಜಿಲ್ಲೆಗಳಿಂದ ಬರುವ ಕುಟುಂಬಗಳಿಗೆ ಮ್ಯಾಸ್ಟೆಕ್ಟಮಿಯೇ ಸರಿ ಎಂದು ಹಿಂದೆಲ್ಲ ಸಲಹೆ ಕೊಡುತ್ತಿದ್ದುದಕ್ಕೆ ಇದೇ ಕಾರಣ. ಐದಾರು ವಾರ, ವಾರಕ್ಕೆ ಐದು ದಿನ ಆಸ್ಪತ್ರೆಗೆ ಬರಬೇಕಿತ್ತು. ರಾಯಚೂರಿನವರೋ ಚಾಮರಾಜನಗರದವರೋ ಅಷ್ಟು ದಿನ ಬೆಂಗಳೂರಿನಲ್ಲಿ ಎಲ್ಲಿ ಉಳಿಯಬೇಕು, ಊರಲ್ಲಿ ದನಕರು ನೋಡುವವರು ಯಾರು, ಜೊತೆಗೆ ಬಂದವರ ಕೂಲಿ ಏನಾಗಬೇಕು? ಆದರೆ ಈ ಲೆಕ್ಕ ಈಗ ಬದಲಾಗಿದೆ, ಮತ್ತು ಬದಲಾದದ್ದು ಬಹಳ ಮನೆಗಳಿಗೆ ತಲುಪಿಲ್ಲ. ಬ್ರಿಟನ್ನಿನ ಅಧ್ಯಯನಗಳ ಆಧಾರದ ಮೇಲೆ ಮೂರು ವಾರದಲ್ಲಿ 15 ಸಲ ಕೊಡುವ ಕ್ರಮ ಈಗ ಸಾಮಾನ್ಯವಾಗಿದೆ. 4,096 ರೋಗಿಗಳನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಫಾಸ್ಟ್-ಫಾರ್ವರ್ಡ್ ಅಧ್ಯಯನದಲ್ಲಿ ಒಂದೇ ವಾರದಲ್ಲಿ ಐದು ಸಲ ಕೊಟ್ಟಾಗಲೂ ಐದು ವರ್ಷದ ಫಲಿತಾಂಶ ಮೂರು ವಾರದ ಕ್ರಮಕ್ಕಿಂತ ಕಡಿಮೆಯಿರಲಿಲ್ಲ. ಚಿಕ್ಕ ವಯಸ್ಸಿನವರಿಗೆ ಗಂಟಿದ್ದ ಜಾಗಕ್ಕೆ ಕೆಲವು ದಿನ ಹೆಚ್ಚುವರಿಯಾಗಿ ಕೊಡಬೇಕಾಗಬಹುದು, ಮತ್ತು ಒಂದು ವಾರದ ಕ್ರಮ ಎಲ್ಲರಿಗೂ ಒಗ್ಗುವುದಿಲ್ಲ. ಹಾಗಿದ್ದರೂ "ಎರಡು ತಿಂಗಳು ಬೆಂಗಳೂರಿನಲ್ಲಿರಬೇಕು" ಎಂಬ ಹಳೆಯ ಭಯದಿಂದ ಇಂದು ಸ್ತನವನ್ನು ಕಳೆದುಕೊಳ್ಳುವ ಅಗತ್ಯವಿಲ್ಲ. ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆಯಿದೆ. ಹುಬ್ಬಳ್ಳಿ, ಕಲಬುರಗಿಗಳಲ್ಲಿಯೂ ಕ್ಯಾನ್ಸರ್ ಚಿಕಿತ್ಸಾ ಕೇಂದ್ರಗಳಿರುವುದರಿಂದ, ಶಸ್ತ್ರಚಿಕಿತ್ಸೆ ಇಲ್ಲಿ ಮಾಡಿಸಿಕೊಂಡು ರೇಡಿಯೇಷನ್ ಊರಿನ ಹತ್ತಿರ ಪಡೆಯಲು ಆಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬಹುದು. 2023ರ ಜೂನ್‌ನಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಗಿರುವುದೂ ಈ ಲೆಕ್ಕದಲ್ಲಿ ಸಣ್ಣ ಸಂಗತಿಯೇನಲ್ಲ.

ವಯಸ್ಸಾದವರ ವಿಷಯದಲ್ಲಿ ಇನ್ನೊಂದು ಸಡಿಲಿಕೆಯಿದೆ. 65 ಅಥವಾ 70 ದಾಟಿದ, ಚಿಕ್ಕ ಗಡ್ಡೆಯಿರುವ, ಗ್ರಂಥಿಗೆ ಹರಡದ, ಹಾರ್ಮೋನಿಗೆ ಸ್ಪಂದಿಸುವ ಬಗೆಯ ಕ್ಯಾನ್ಸರ್ ಇರುವವರು ಐದು ವರ್ಷ ಹಾರ್ಮೋನ್ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುವುದಾದರೆ, ಲಂಪೆಕ್ಟಮಿಯ ನಂತರದ ರೇಡಿಯೇಷನ್ ಬಿಡಬಹುದು. ಸ್ಥಳೀಯ ಮರುಕಳಿಕೆ ಸ್ವಲ್ಪ ಹೆಚ್ಚುತ್ತದೆ, ಬದುಕುಳಿಯುವಿಕೆ ಬದಲಾಗುವುದಿಲ್ಲ. ಅತ್ತ ಪೂರ್ತಿ ತೆಗೆಸಿದರೆ ಕರೆಂಟ್ ಖಂಡಿತ ತಪ್ಪುತ್ತದೆ ಎಂಬ ನಂಬಿಕೆ ಪೂರ್ಣ ಸತ್ಯವಲ್ಲ. ಗಡ್ಡೆ ಐದು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಕಂಕುಳಿನ ಗ್ರಂಥಿಗಳಲ್ಲಿ ರೋಗ ಸಿಕ್ಕರೆ, ಮ್ಯಾಸ್ಟೆಕ್ಟಮಿಯಾದ ಮೇಲೂ ರೇಡಿಯೇಷನ್ ಬೇಕಾಗಬಹುದು. ಅದು ಗೊತ್ತಾಗುವುದು ಶಸ್ತ್ರಚಿಕಿತ್ಸೆಯ ನಂತರದ ರಿಪೋರ್ಟ್‌ನಲ್ಲಿ. ರೇಡಿಯೇಷನ್ ತಪ್ಪಿಸಲೆಂದೇ ಸ್ತನ ಬಿಟ್ಟುಕೊಟ್ಟವರಿಗೆ ಆಮೇಲೆ ಈ ಸುದ್ದಿ ಬಂದರೆ ಅದು ದೊಡ್ಡ ಆಘಾತ.

ಆಯ್ಕೆಯೇ ಇಲ್ಲದ ಸಂದರ್ಭಗಳೂ ಇವೆ. ಮ್ಯಾಮೋಗ್ರಾಂನಲ್ಲಿ ಸ್ತನದ ತುಂಬ ಕ್ಯಾನ್ಸರ್‌ನ ಸಣ್ಣ ಸುಣ್ಣದ ಚುಕ್ಕೆಗಳು ಹರಡಿದ್ದರೆ, ಉರಿಯೂತದ ರೂಪದ ಸ್ತನ ಕ್ಯಾನ್ಸರ್ ಆಗಿದ್ದರೆ, ಹಿಂದೆ ಎದೆಗೆ ರೇಡಿಯೇಷನ್ ಆಗಿದ್ದರೆ, ಗರ್ಭಿಣಿಯಾಗಿದ್ದು ರೇಡಿಯೇಷನ್‌ಗೆ ಹೆರಿಗೆಯವರೆಗೆ ಕಾಯಲಾಗದಿದ್ದರೆ, ಎಷ್ಟು ಸಲ ತೆಗೆದರೂ ಅಂಚಿನಲ್ಲಿ ರೋಗ ಉಳಿಯುತ್ತಿದ್ದರೆ ಮ್ಯಾಸ್ಟೆಕ್ಟಮಿಯೇ ದಾರಿ. ಸ್ತನ ಚಿಕ್ಕದಾಗಿದ್ದು ಗಡ್ಡೆ ದೊಡ್ಡದಾಗಿದ್ದರೆ ಉಳಿಯುವ ಭಾಗದ ಆಕಾರ ಕೆಡುತ್ತದೆ. ಆದರೆ ಇಲ್ಲಿ ಒಂದು ಮಧ್ಯದ ದಾರಿ ಇದೆ: ಮೊದಲು ಔಷಧ ಕೊಟ್ಟು ಗಡ್ಡೆಯನ್ನು ಕುಗ್ಗಿಸಿ ಆಮೇಲೆ ಶಸ್ತ್ರಚಿಕಿತ್ಸೆ ಮಾಡುವುದು. ಹರ್-2 ಎಂಬ ಪ್ರೋಟೀನ್ ಹೆಚ್ಚಿರುವ ಬಗೆಯ ಮತ್ತು ಹಾರ್ಮೋನಿಗೂ ಹರ್-2 ಔಷಧಕ್ಕೂ ಸ್ಪಂದಿಸದ ಟ್ರಿಪಲ್ ನೆಗೆಟಿವ್ ಬಗೆಯ ಕ್ಯಾನ್ಸರ್‌ಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಗಡ್ಡೆ ಪೂರ್ತಿ ಕರಗಿಹೋದರೆ ಅದಿದ್ದ ಜಾಗ ಗೊತ್ತಾಗಬೇಕೆಂದು ಮೊದಲೇ ಒಳಗೊಂದು ಚಿಕ್ಕ ಲೋಹದ ಗುರುತು ಇಡುತ್ತಾರೆ. ಕಿಮೋ ಶುರುವಾದ ಮೇಲೆ ಇದು ನೆನಪಾದರೆ ಪ್ರಯೋಜನವಿಲ್ಲ. ಹಾಗಾಗಿ ಸ್ತನ ಉಳಿಸಿಕೊಳ್ಳುವ ಆಸೆಯಿದ್ದವರು ಅದನ್ನು ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಬೇಕು.

ಅಂಚಿನ ವಿಷಯ ಬಂದಿತಲ್ಲ, ಅದರ ಬಗ್ಗೆ ಒಂದು ಮಾತು. ತೆಗೆದ ಭಾಗದ ಹೊರಮೈಗೆ ಪ್ರಯೋಗಾಲಯದಲ್ಲಿ ಶಾಯಿ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಶಾಯಿಗೆ ಕ್ಯಾನ್ಸರ್ ಕೋಶ ತಾಗಿರದಿದ್ದರೆ ಸಾಕು, ಅದಕ್ಕಿಂತ ಅಗಲವಾಗಿ ಕತ್ತರಿಸಿದ್ದರಿಂದ ಹೆಚ್ಚಿನ ಲಾಭವಿಲ್ಲ ಎಂಬುದು 2014ರಿಂದ ಆಕ್ರಮಣಶೀಲ, ಅಂದರೆ ಸುತ್ತಲಿನ ಅಂಗಾಂಶಕ್ಕೆ ನುಗ್ಗಿದ, ಕ್ಯಾನ್ಸರ್‌ಗೆ ಒಪ್ಪಿತ ನಿಯಮ. ತಾಗಿದ್ದರೆ ಇನ್ನೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಎರಡನೆಯ ಸಲ ಆಪರೇಷನ್ ಎಂದೊಡನೆ "ಮೊದಲ ಸಲ ಸರಿಯಾಗಿ ಮಾಡಲಿಲ್ಲ" ಎಂದು ಕುಟುಂಬ ಕೆರಳುವುದುಂಟು. ಆ ಸಾಧ್ಯತೆಯನ್ನು ಮೊದಲೇ ತಿಳಿಸಿದ್ದರೆ ಅದು ಚಿಕಿತ್ಸೆಯ ಭಾಗವಾಗಿಯೇ ಕಾಣುತ್ತದೆ. ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯವೂ ಇದೆ, ಅದಕ್ಕೆ ಉತ್ತರ ಇಷ್ಟೇ: ಗಂಟನ್ನು ಕ್ರಮವಾಗಿ ತೆಗೆಸುವುದಕ್ಕಿಂತ ಹಾಗೆಯೇ ಬಿಡುವುದು ಎಷ್ಟೋ ಪಟ್ಟು ಅಪಾಯ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯ ಆ ಕ್ಷಣದ ಬಗ್ಗೆಯೇ ದೇಶದ ಹಲವು ಕೇಂದ್ರಗಳಲ್ಲಿ ಅಧ್ಯಯನ ನಡೆಸಿದರು. ಕತ್ತರಿಸುವುದಕ್ಕೆ ಕೆಲವೇ ನಿಮಿಷ ಮೊದಲು ಗಡ್ಡೆಯ ಸುತ್ತ ಲಿಡೋಕೇನ್ ಎಂಬ ಅಗ್ಗದ ಅರಿವಳಿಕೆಯನ್ನು ಚುಚ್ಚಿದಾಗ ಐದು ವರ್ಷದ ಬದುಕುಳಿಯುವಿಕೆ ಶೇ 86.4ರಿಂದ ಶೇ 90.1ಕ್ಕೆ ಏರಿತೆಂದು 2023ರಲ್ಲಿ ಪ್ರಕಟಿಸಿದರು. ಒಂದೇ ಅಧ್ಯಯನದಿಂದ ಜಗತ್ತು ಬದಲಾಗದು, ಆದರೂ ನಮ್ಮ ನೆಲದಲ್ಲಿ ನಡೆದ ಈ ಕೆಲಸದ ಬಗ್ಗೆ ಶಸ್ತ್ರಚಿಕಿತ್ಸಕರನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ವೈದ್ಯರನ್ನು ಮೊದಲು ಕಂಡು ಬಂದ ಆ ದಿನ ರಾತ್ರಿ ಊಟ ಮುಗಿದು ಗಂಡಸರು ಟಿವಿ ಮುಂದೆ ಕುಳಿತಾಗ ಚಿಕ್ಕಮ್ಮ ಅಡುಗೆಮನೆಗೆ ಬಂದು ನನ್ನನ್ನು ಕೇಳಿದ್ದು ಸ್ತನದ ಬಗ್ಗೆ ಆಗಿರಲಿಲ್ಲ. "ಕೈ ಮೇಲಕ್ಕೆ ಎತ್ತಕ್ಕೆ ಆಗ್ತದಾ? ನಮ್ಮೂರಲ್ಲಿ ಒಬ್ಬರಿಗೆ ತೋಳು ಊದ್ಕೊಂಡು ಬಿಂದಿಗೆ ಎತ್ತಕ್ಕೆ ಆಗದೆ ಹೋಯ್ತು" ಎಂದರು. ಬೆಳಿಗ್ಗೆ ವೈದ್ಯರ ಎದುರು ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತೋಳು ಊದುವ ಆ ತೊಂದರೆಗೆ ಮುಖ್ಯ ಕಾರಣ ಕಂಕುಳಿನ ಗ್ರಂಥಿಗಳನ್ನು ತೆಗೆಯುವುದು. ಸ್ತನ ಉಳಿಯಿತೋ ಹೋಯಿತೋ ಎಂಬುದಕ್ಕಿಂತ ಕಂಕುಳಿನಲ್ಲಿ ಎಷ್ಟು ಕತ್ತರಿಸಿದರು ಎಂಬುದೇ ದಿನನಿತ್ಯದ ಬದುಕನ್ನು ಹೆಚ್ಚು ಬದಲಿಸುತ್ತದೆ. ಗ್ರಂಥಿಗಳನ್ನೆಲ್ಲ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ತೋಳಿನ ಊತ ಬರುತ್ತದೆ. ಸೆಂಟಿನೆಲ್ ನೋಡ್ ಬಯಾಪ್ಸಿ ಮಾತ್ರ ಆದವರಲ್ಲಿ ಅದು ಇಪ್ಪತ್ತರಲ್ಲಿ ಒಬ್ಬರಿಗೆ ಹತ್ತಿರ. ಈ ವಿಧಾನದಲ್ಲಿ ನೀಲಿ ಬಣ್ಣವನ್ನೋ ವಿಕಿರಣ ಸೂಸುವ ವಸ್ತುವನ್ನೋ ಸ್ತನಕ್ಕೆ ಚುಚ್ಚಿ, ಅದು ಮೊದಲು ತಲುಪುವ ಒಂದೆರಡು ಕಾವಲು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುತ್ತಾರೆ. ವಿಕಿರಣದ ಸೌಲಭ್ಯವಿಲ್ಲದ ಕಡೆಗೂ ಹೊಂದುವಂತೆ, ಕಂಕುಳಿನ ಕೆಳಭಾಗದ ಗ್ರಂಥಿಗಳನ್ನು ಮಾತ್ರ ಮಾದರಿಯಾಗಿ ತೆಗೆಯುವ ಕಡಿಮೆ ವೆಚ್ಚದ ಕ್ರಮವನ್ನು ಟಾಟಾ ಸ್ಮಾರಕ ಆಸ್ಪತ್ರೆಯವರು ಪರೀಕ್ಷಿಸಿ ತೋರಿಸಿದ್ದಾರೆ.

ಇಲ್ಲಿಯೇ ಎರಡು ಆಯ್ಕೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಜ಼ಡ್-0011 ಎಂಬ ಅಧ್ಯಯನದಲ್ಲಿ, ಒಂದೆರಡು ಕಾವಲು ಗ್ರಂಥಿಗಳಲ್ಲಿ ರೋಗ ಕಂಡಿದ್ದರೂ, ಲಂಪೆಕ್ಟಮಿ ಮತ್ತು ರೇಡಿಯೇಷನ್ ಪಡೆದ ಹೆಂಗಸರಲ್ಲಿ ಕಂಕುಳಿನ ಉಳಿದ ಗ್ರಂಥಿಗಳನ್ನು ಬಿಟ್ಟರೂ ಹತ್ತು ವರ್ಷದ ಬದುಕುಳಿಯುವಿಕೆ ಕಡಿಮೆಯಾಗಲಿಲ್ಲ ಎಂದು 2017ರಲ್ಲಿ ವರದಿಯಾಯಿತು. ಹೀಗೆ ಸ್ತನ ಉಳಿಸಿಕೊಳ್ಳುವ ಆಯ್ಕೆ ಕೆಲವರಿಗೆ ತೋಳನ್ನೂ ಉಳಿಸಿಕೊಡುತ್ತದೆ. 2023ರಲ್ಲಿ ಪ್ರಕಟವಾದ ಸೌಂಡ್ ಎಂಬ ಅಧ್ಯಯನ ಎರಡು ಸೆಂಟಿಮೀಟರ್‌ವರೆಗಿನ ಗಡ್ಡೆ ಮತ್ತು ಶುಭ್ರವಾದ ಕಂಕುಳಿನ ಸ್ಕ್ಯಾನ್ ಇರುವವರಲ್ಲಿ ಕಾವಲು ಗ್ರಂಥಿಯ ಪರೀಕ್ಷೆಯನ್ನೂ ಬಿಡಬಹುದೆಂಬ ಕಡೆಗೆ ಬೆರಳು ತೋರಿಸಿದೆ. ಕತ್ತಿ ಹಿಂದೆ ಸರಿಯುತ್ತಾ ಬಂದ ಈ ಐವತ್ತು ವರ್ಷದ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಭಾಗ ಇದೇ, ಏಕೆಂದರೆ ನಮ್ಮ ಹೆಂಗಸರು ಬದುಕುವುದು ತೋಳಿನ ಬಲದ ಮೇಲೆ. ಯಾವ ಶಸ್ತ್ರಚಿಕಿತ್ಸೆಯಾದರೂ ಭುಜದ ವ್ಯಾಯಾಮವನ್ನು ಬೇಗನೆ ಶುರುಮಾಡಬೇಕು ಎಂಬುದನ್ನು ಇದರ ಜೊತೆಗೇ ನೆನಪಿಡಬೇಕು.

ಇನ್ನೊಂದು ಸ್ತನವನ್ನೂ ತೆಗೆಸಿಬಿಡುವುದರ ಬಗ್ಗೆ ನಗರದ ಯುವತಿಯರು ಈಗ ಕೇಳುವುದು ಹೆಚ್ಚಾಗಿದೆ. ಬ್ರಾಕಾ ಎಂಬ ವಂಶವಾಹಿಗಳಲ್ಲಿ ದೋಷವಿರುವವರಿಗೆ ಇದು ಗಂಭೀರವಾಗಿ ಯೋಚಿಸಬೇಕಾದ ವಿಷಯ. ಅವರಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 70ರ ಆಸುಪಾಸಿನಲ್ಲಿದೆ, ಒಂದು ಕಡೆ ಬಂದವರಿಗೆ ಮುಂದಿನ ಇಪ್ಪತ್ತು ವರ್ಷದಲ್ಲಿ ಇನ್ನೊಂದು ಕಡೆ ಬರುವ ಸಾಧ್ಯತೆ ಬ್ರಾಕಾ-1ರಲ್ಲಿ ಸುಮಾರು ಶೇ 40, ಬ್ರಾಕಾ-2ರಲ್ಲಿ ಸುಮಾರು ಶೇ 26. ಚಿಕ್ಕ ವಯಸ್ಸಿನಲ್ಲಿ ರೋಗ ಬಂದವರು, ತಾಯಿ ಅಕ್ಕತಂಗಿಯರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದವರು ಶಸ್ತ್ರಚಿಕಿತ್ಸೆಗೆ ಮೊದಲೇ ಈ ವಂಶವಾಹಿಗಳ ಪರೀಕ್ಷೆಯ ಬಗ್ಗೆ ಕೇಳಬೇಕು. ಅಂಥ ದೋಷವಿಲ್ಲದವರು ಆರೋಗ್ಯವಂತ ಸ್ತನವನ್ನು ತೆಗೆಸಿಕೊಂಡರೆ ಆಯುಷ್ಯ ಹೆಚ್ಚುವುದಿಲ್ಲ.

ಮ್ಯಾಸ್ಟೆಕ್ಟಮಿಯ ನಂತರ ಸ್ತನದ ಆಕಾರವನ್ನು ಮತ್ತೆ ಕಟ್ಟಿಕೊಡಲು ಸಿಲಿಕೋನ್ ಇಂಪ್ಲಾಂಟ್ ಇಡಬಹುದು, ಅಥವಾ ಬೆನ್ನಿನ ಇಲ್ಲವೇ ಹೊಟ್ಟೆಯ ಅಂಗಾಂಶ ಬಳಸಬಹುದು. ಬೆಂಗಳೂರಿನಲ್ಲಿ ಇದನ್ನು ಮಾಡುವ ಪ್ಲಾಸ್ಟಿಕ್ ಸರ್ಜನ್‌ಗಳಿದ್ದಾರೆ, ಖರ್ಚು ಮತ್ತು ಚೇತರಿಕೆಯ ಕಾಲ ಹೆಚ್ಚು. ಬೇಡವೆನ್ನುವವರು ಬ್ಲೌಸಿನೊಳಗೆ ಇಟ್ಟುಕೊಳ್ಳುವ ಕೃತಕ ಸ್ತನ ಬಳಸಬಹುದು, ಏನೂ ಇಲ್ಲದೆ ಇರುವುದೂ ಸಂಪೂರ್ಣ ಗೌರವದ ಆಯ್ಕೆಯೇ. ಐವತ್ತು ದಾಟಿದ ಹೆಂಗಸಿಗೆ "ಈ ವಯಸ್ಸಿನಲ್ಲಿ ಯಾಕೆ ಬೇಕು" ಎಂದು ಬೇರೆಯವರು ತೀರ್ಮಾನಿಸುವುದು ಮಾತ್ರ ಸಲ್ಲದು. ಖರ್ಚಿನ ಮಾತು ಬಂದಾಗ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ನೆರವಿದೆ. ಲಂಪೆಕ್ಟಮಿ ಆರಿಸಿಕೊಳ್ಳುವವರು ರೇಡಿಯೇಷನ್‌ನ ಖರ್ಚನ್ನೂ ಸೇರಿಸಿಯೇ ಮೊದಲು ವಿಚಾರಿಸಬೇಕು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದೆಹಲಿಯಲ್ಲಿ ಒಬ್ಬ ಹೆಣ್ಣುಮಗಳು ಪರೀಕ್ಷೆಗೆಂದು ಅರಿವಳಿಕೆಯಲ್ಲಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರಿದ್ದ ಪೀಠ 2008ರ ಜನವರಿಯಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಸ್ವಂತವಾಗಿ ನಿರ್ಧರಿಸಬಲ್ಲ ವಯಸ್ಕ ರೋಗಿಯ ಪರವಾಗಿ ಮನೆಯವರು ಕೊಟ್ಟ ಒಪ್ಪಿಗೆ ಸಲ್ಲದು. ಚಿಕಿತ್ಸೆಯ ಸ್ವರೂಪ, ಬೇರೆ ದಾರಿಗಳು, ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಏನಾಗುತ್ತದೆ ಎಂಬುದನ್ನೆಲ್ಲ ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ಈ ತೀರ್ಪು ಬಂದು ಇಷ್ಟು ವರ್ಷವಾದರೂ ಸಮ್ಮತಿ ಪತ್ರ ಅನೇಕ ಕಡೆ ಇಂಗ್ಲಿಷಿನಲ್ಲಿರುತ್ತದೆ, ಸಹಿ ಬೀಳುವುದು ಹಿಂದಿನ ಸಂಜೆ, ಓದಿ ಹೇಳುವವರು ಇರುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಆರು ದಿನ ಮೊದಲು ನಾವು ಮತ್ತೆ ವೈದ್ಯರ ಬಳಿ ಹೋದೆವು. ಈ ಸಲ ಚಿಕ್ಕಮ್ಮ ಮುಂದಿನ ಕುರ್ಚಿಯಲ್ಲಿ ಕುಳಿತರು, ಅವರ ಪ್ರಶ್ನೆಗಳನ್ನು ನಾನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಕೈ, ಬಿಂದಿಗೆ, ರೇಡಿಯೇಷನ್‌ನ ಮೂರು ವಾರ, ವರ್ಷವರ್ಷದ ಮ್ಯಾಮೋಗ್ರಾಂ, ಮತ್ತೆ ಬಂದರೆ ಏನು ಎಂಬುದನ್ನೆಲ್ಲ ಒಂದೊಂದಾಗಿ ಕೇಳಿದರು. ವೈದ್ಯರೂ ತಾಳ್ಮೆಯಿಂದ, ಕಾಗದದ ಮೇಲೆ ಚಿತ್ರ ಬರೆದು, ಅವರಿಗೇ ವಿವರಿಸಿದರು. ನಾನು ಮನಸ್ಸಿನಲ್ಲೇ ಅವರು ಲಂಪೆಕ್ಟಮಿ ಎನ್ನುತ್ತಾರೆಂದು ಕಾಯುತ್ತಿದ್ದೆ. ಅವರು ಎರಡು ದಿನ ಯೋಚಿಸಿ ಪೂರ್ತಿ ತೆಗೆಸುತ್ತೇನೆ ಎಂದರು. ಪ್ರತಿ ವರ್ಷ ಮ್ಯಾಮೋಗ್ರಾಂನ ದಿನ ಹತ್ತಿರ ಬಂದಾಗ ತಮಗೆ ನಿದ್ದೆ ಬರುವುದಿಲ್ಲವೆಂದು ತಮಗೇ ಗೊತ್ತು ಎಂಬುದು ಅವರ ಕಾರಣ. ಇನ್ನೊಂದು ಕಡೆಗೆ ಮ್ಯಾಮೋಗ್ರಾಂ ಹೇಗೂ ಮಾಡಿಸಬೇಕು ಎಂದು ವೈದ್ಯರು ಹೇಳಿದ್ದನ್ನು ಕೇಳಿಸಿಕೊಂಡ ಮೇಲೂ ಅವರು ಅದನ್ನೇ ಹೇಳಿದರು. ಕಂಕುಳಿನಲ್ಲಿ ಕಾವಲು ಗ್ರಂಥಿಗಳನ್ನು ಮಾತ್ರ ನೋಡಿ, ರೋಗ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಬೇಕು ಎಂಬುದನ್ನು ಎರಡು ಸಲ ಹೇಳಿಸಿಕೊಂಡರು.

ಹಿಂದಿನ ಸಂಜೆ ವಾರ್ಡ್‌ನಲ್ಲಿ ಸಮ್ಮತಿ ಪತ್ರ ಬಂತು. ಕನ್ನಡದಲ್ಲಿ ಓದಿ ಹೇಳಿ ಎಂದು ಚಿಕ್ಕಮ್ಮ ಕೇಳಿದರು, ನರ್ಸ್ ಮಂಚದ ಪಕ್ಕ ಕುಳಿತು ಸಾಲು ಸಾಲಾಗಿ ಓದಿ ಹೇಳಿದರು. ರೋಗಿಯ ಹೆಸರಿನ ಮುಂದೆ ಅವರು ತಮ್ಮ ದುಂಡು ಅಕ್ಷರಗಳಲ್ಲಿ ಸಹಿ ಹಾಕಿ, ಪೆನ್ನನ್ನು ಚಿಕ್ಕಪ್ಪನಿಗೆ ಕೊಟ್ಟರು. ಚಿಕ್ಕಪ್ಪ ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿದರು.